‘ಧರ್ಮಕ್ಕೆ’ ಎಂದು ಬರೆದರೆ ಯಾರಿಗೆ ಸೇರುತ್ತದೆ?

ಓದುಗರ ಪ್ರಶ್ನೆ, ವಕೀಲರ ಉತ್ತರ

ಪ್ರಶ್ನೆ: ನನಗೆ 74 ವರ್ಷ. ಮದುವೆಯಾಗಲಿಲ್ಲ. ಗಡಿಯಾರದ ಕಾರ್ಖಾನೆಯಲ್ಲಿ 28 ವರ್ಷ ದುಡಿದು ಮತ್ತಿಕೆರೆಯಲ್ಲಿ ಒಂದು ಚಿಕ್ಕ ಮನೆ ಕಟ್ಟಿಕೊಂಡೆ. ಬ್ಯಾಂಕಿನಲ್ಲಿ ಸುಮಾರು 26 ಲಕ್ಷ ರೂಪಾಯಿ ಠೇವಣಿ ಇದೆ. ನನ್ನ ತಮ್ಮ ತೀರಿಕೊಂಡಿದ್ದಾನೆ. ಅವನ ಮಗ ಮತ್ತು ಮಗಳು ನನ್ನನ್ನು ಚೆನ್ನಾಗಿ ನೋಡಿಕೊಳ್ಳುತ್ತಾರೆ; ಮನೆ ಅವರಿಗೇ ಇರಲಿ. ಠೇವಣಿಯಲ್ಲಿ ಒಂದು ಪಾಲನ್ನು ಸಮಾಜಕ್ಕೆ ಬಿಟ್ಟುಹೋಗಬೇಕೆಂಬ ಆಸೆ. ನಮ್ಮ ಸಮುದಾಯದ ಸಂಘದವರು, ‘ವಿದ್ಯಾರ್ಥಿನಿಲಯಕ್ಕೆ ಬರೆಯಿರಿ, ಉಯಿಲನ್ನು ನಮ್ಮ ವಕೀಲರಿಂದಲೇ ಬರೆಸಿಕೊಡುತ್ತೇವೆ’ ಎಂದು ಎರಡು ಸಲ ಬಂದುಹೋದರು. ನನ್ನ ಮನಸ್ಸಿರುವುದು ನಮ್ಮ ರಸ್ತೆಯ ತುದಿಯಲ್ಲಿರುವ ಸರ್ಕಾರಿ ಕನ್ನಡ ಶಾಲೆಯ ಮೇಲೆ. ಅಲ್ಲಿ ಓದುವವರು ರಾಯಚೂರು, ಯಾದಗಿರಿ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದವರ ಮಕ್ಕಳು. ಶಾಲೆಯ ನಲ್ಲಿಯಲ್ಲಿ ನೀರು ನಿಂತಾಗ ನಮ್ಮ ಮನೆಗೆ ಬಾಟಲಿ ಹಿಡಿದು ಬರುತ್ತಾರೆ. ಅವರಿಗೆ ಕೊಟ್ಟರೆ ನನ್ನವರನ್ನು ಬಿಟ್ಟಂತಾಗುತ್ತದೆಯೇ? ‘ಉಳಿದದ್ದು ಧರ್ಮಕ್ಕೆ’ ಎಂದು ಬರೆದು ತಮ್ಮನ ಮಕ್ಕಳ ವಿವೇಕಕ್ಕೆ ಬಿಟ್ಟರೆ ಸಾಲದೇ?
– ಹೆಸರು ಬೇಡ, ಮತ್ತಿಕೆರೆ

ಉತ್ತರ: ಅಕ್ಕಾ, ನಿಮ್ಮ ಕೊನೆಯ ಸಾಲಿಗೆ ಮೊದಲು ಉತ್ತರ ಹೇಳುತ್ತೇನೆ. ಸಾಲದು.

ನಮ್ಮ ತಂದೆ ಚಾಮರಾಜಪೇಟೆಯಲ್ಲಿ ಶಾಲಾ ಮೇಷ್ಟರಾಗಿದ್ದವರು. 1988ರಲ್ಲಿ ಅವರು ತೀರಿಕೊಂಡಾಗ ಬೀರುವಿನಲ್ಲಿ ಅವರದೇ ದುಂಡು ಅಕ್ಷರದ ಉಯಿಲು ಸಿಕ್ಕಿತು. ಮನೆ ನಾಲ್ಕು ಮಕ್ಕಳಿಗೆ ಸಮಪಾಲು, ಪುಸ್ತಕಗಳು ನನಗೆ, ಅಂಚೆ ಕಚೇರಿಯ ಉಳಿತಾಯದ ನಲವತ್ತು ಸಾವಿರ ರೂಪಾಯಿ ‘ಧರ್ಮಕ್ಕೆ ಸಲ್ಲತಕ್ಕದ್ದು’. ದೊಡ್ಡಣ್ಣ ಅನ್ನದಾನಕ್ಕೆ ಎಂದ. ಅಕ್ಕ ದೇವಸ್ಥಾನದ ಗೋಪುರಕ್ಕೆ ಎಂದಳು. ಎರಡನೆಯ ಅಣ್ಣ ಯಾರೋ ವಕೀಲರನ್ನು ಕೇಳಿಕೊಂಡು ಬಂದು, ಈ ಮಾತು ಕಾನೂನಿನಲ್ಲಿ ನಿಲ್ಲುವುದೇ ಇಲ್ಲ, ಹಣ ನಮಗೇ ಹಂಚಿಕೆಯಾಗಬೇಕು ಎಂದ. ನಾನು ಕರಿಕೋಟು ತೊಟ್ಟು ಎರಡು ವರ್ಷವಾಗಿತ್ತು. ಅವನು ಹೇಳಿದ್ದು ಸರಿ ಎಂದು ನನಗೆ ಗೊತ್ತಿತ್ತು. ಮುಂಬಯಿ ಪ್ರಾಂತದಿಂದ ಹೋದ ಒಂದು ಮೊಕದ್ದಮೆಯಲ್ಲಿ ಅಂದಿಗೆ ನಮ್ಮ ಕಡೆಯ ಮೇಲ್ಮನವಿ ನ್ಯಾಯಾಲಯವಾಗಿದ್ದ ಲಂಡನ್ನಿನ ಪ್ರಿವಿ ಕೌನ್ಸಿಲ್ 1899ರಷ್ಟು ಹಿಂದೆಯೇ ಹೇಳಿಬಿಟ್ಟಿದೆ: ‘ಧರ್ಮ’ ಎಂಬ ಮಾತು ಬಹಳ ಅಗಲವಾದದ್ದು, ಅಸ್ಪಷ್ಟವಾದದ್ದು, ಬರೀ ಆ ಮಾತಿನ ಮೇಲೆ ಕೊಟ್ಟ ದಾನವನ್ನು ನ್ಯಾಯಾಲಯ ನಡೆಸಿಕೊಡಲಾರದು, ಆದ್ದರಿಂದ ಅದು ಅಸಿಂಧು. ಕೆರೆ ಕಟ್ಟಿಸುವುದೂ ಧರ್ಮ, ಅರವಟ್ಟಿಗೆಯೂ ಧರ್ಮ, ಹೆತ್ತವರ ಸೇವೆಯೂ ಧರ್ಮ. ಇವುಗಳಲ್ಲಿ ಯಾವುದು ಎಂದು ಯಾರು ಹೇಳಬೇಕು? ಇಂದಿಗೂ ನಮ್ಮ 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ, ಅರ್ಥ ನಿಶ್ಚಯವಿಲ್ಲದ ಉಯಿಲಿನ ಮಾತು ಅನೂರ್ಜಿತ ಎಂದೇ ಹೇಳುತ್ತದೆ.

ಹಣ ನಾಲ್ಕು ಪಾಲಾಯಿತು. ಮೂರು ವರ್ಷದ ಮೇಲೆ ಮಲ್ಲೇಶ್ವರದ ಮದುವೆಯೊಂದರಲ್ಲಿ ಅಪ್ಪನ ಹಳೆಯ ಶಿಷ್ಯರೊಬ್ಬರು ಸಿಕ್ಕಿ, ತಮ್ಮ ಎಸ್ಸೆಸ್ಸೆಲ್ಸಿ ಪರೀಕ್ಷಾ ಶುಲ್ಕವನ್ನು ಮೇಷ್ಟರೇ ಕಟ್ಟಿದ್ದರೆಂದೂ, ಪ್ರತಿವರ್ಷ ನಾಲ್ಕೈದು ಹುಡುಗರಿಗೆ ಹೀಗೆ ಕಟ್ಟುತ್ತಿದ್ದರೆಂದೂ ಹೇಳಿದರು. ಅಪ್ಪನ ಮನಸ್ಸಿನಲ್ಲಿದ್ದ ಧರ್ಮ ಅದು. ನಮ್ಮ ನಾಲ್ವರಲ್ಲಿ ಒಬ್ಬರಿಗೂ ಅದು ತಿಳಿದಿರಲಿಲ್ಲ, ಏಕೆಂದರೆ ಅವರು ಯಾರಿಗೂ ಹೇಳಿರಲಿಲ್ಲ. ಅಂದಿನಿಂದ, ದಾನ ಬರೆಯಲು ಬಂದವರನ್ನೆಲ್ಲ ನಾನು ಮೊದಲು ಕೇಳುವುದು, ‘ಇದುವರೆಗೆ ನಿಮ್ಮ ಕೈ ಯಾರಿಗೆ ಕೊಟ್ಟುಕೊಂಡು ಬಂದಿದೆ?’ ಎಂದು.

ನಿಮ್ಮ ಕೈ ಬಾಟಲಿಗೆ ನೀರು ತುಂಬಿಸಿಕೊಟ್ಟಿದೆ. ವಿದ್ಯಾರ್ಥಿನಿಲಯ ಕಡಿಮೆಯದು ಎಂದು ನಾನು ಹೇಳುತ್ತಿಲ್ಲ. ಮೆಜೆಸ್ಟಿಕ್ಕಿನ ರೈಲು ನಿಲ್ದಾಣದ ಹತ್ತಿರ 1903ರಿಂದ ನಿಂತಿರುವ ಗುಬ್ಬಿ ತೋಟದಪ್ಪನವರ ಛತ್ರವನ್ನೇ ನೋಡಿ. ಪ್ರಯಾಣಿಕರಿಗೆ ತಂಗುದಾಣ, ಹೊರಊರಿನ ಹುಡುಗರಿಗೆ ನಿಲಯ ಎಂದು ಉದ್ದೇಶ ಖಚಿತವಾಗಿದ್ದುದರಿಂದ ಆ ಹೆಸರು ಇಂದಿಗೂ ಊರಿನ ಬಾಯಲ್ಲಿದೆ. ತಮ್ಮ ಜನರ ಮಕ್ಕಳು ಓದಲಿ ಎಂದು ಕೊಟ್ಟವರಿಂದ ಈ ಊರು ಬೆಳೆದಿದೆ. ಆದರೆ ‘ನನ್ನವರು’ ಯಾರು ಎಂಬುದನ್ನು ಹುಟ್ಟೊಂದೇ ನಿರ್ಧರಿಸಬೇಕಾಗಿಲ್ಲ. ದಿನವೂ ನಿಮ್ಮ ಬಾಗಿಲಿಗೆ ಬರುವ ಮಗು ನಿಮ್ಮದಲ್ಲವೆಂದು ಯಾವ ಶಾಸ್ತ್ರವೂ ಹೇಳುವುದಿಲ್ಲ. ಎರಡಕ್ಕೂ ಕೊಡಬೇಕೆನಿಸಿದರೆ ಎರಡಕ್ಕೂ ಕೊಡಿ. ಮುಜುಗರಕ್ಕಾಗಿ ಮಾತ್ರ ಕೊಡಬೇಡಿ.

ಸಂಘದವರ ಆ ಇನ್ನೊಂದು ಮಾತು ನನಗೆ ಹಿಡಿಸಲಿಲ್ಲ. ಅವರ ವಕೀಲರು ನಿಮ್ಮ ಉಯಿಲು ಬರೆಯಬಾರದು. ಅವರು ಒಳ್ಳೆಯವರೇ ಇರಬಹುದು, ಆಗಲೂ ಬರೆಯಬಾರದು. ನಮ್ಮ ಮೈಸೂರು ಸೀಮೆಯಿಂದಲೇ ಹೋದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 1958ರಲ್ಲಿ ಕೊಟ್ಟ ತೀರ್ಪನ್ನು ಇಂದಿಗೂ ಉಯಿಲಿನ ಪ್ರತಿಯೊಂದು ವ್ಯಾಜ್ಯದಲ್ಲಿ ಓದುತ್ತಾರೆ. ಉಯಿಲಿನಿಂದ ಲಾಭ ಪಡೆಯುವವರೇ ಅದನ್ನು ಬರೆಸುವುದರಲ್ಲಿ ಮುಂದಾಳಾಗಿದ್ದರೆ ಅದು ಅನುಮಾನಕ್ಕೆ ಎಡೆ, ಆ ಅನುಮಾನವನ್ನು ನಿವಾರಿಸುವ ಹೊಣೆ ಉಯಿಲನ್ನು ಮುಂದಿಡುವವರದೇ ಎಂದು ಅದರಲ್ಲಿ ಹೇಳಿದೆ. ನಿಮ್ಮ ಹಣ ಮಕ್ಕಳ ಪುಸ್ತಕಕ್ಕೆ ಹೋಗುವ ಬದಲು ವ್ಯಾಜ್ಯಕ್ಕೆ ಹೋಗಬಾರದು. ನಿಮಗೆ ಪರಿಚಯವಿರುವ, ಯಾವ ಪಾಲೂ ಇಲ್ಲದ ವಕೀಲರನ್ನು ನೀವೇ ಆರಿಸಿಕೊಳ್ಳಿ. ಸ್ವಂತ ಕೈಯಲ್ಲಿ ಬಿಳಿ ಹಾಳೆಯ ಮೇಲೆ ಬರೆದರೂ ಉಯಿಲು ಉಯಿಲೇ. ಛಾಪಾ ಕಾಗದ ಬೇಕಿಲ್ಲ.

ಉಯಿಲು ಬರೆಯದೆ ಹೋದರೆ ಏನಾಗುತ್ತದೆಂದು ತಿಳಿದಿರಲಿ. ಮದುವೆಯಾಗದ, ಮಕ್ಕಳಿಲ್ಲದ, ತಂದೆ ತಾಯಿ ಇಲ್ಲದ ಹಿಂದೂ ಹೆಣ್ಣುಮಗಳ ಸ್ವಯಾರ್ಜಿತ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ಅವಳ ತಂದೆಯ ವಾರಸುದಾರರಿಗೆ ಹೋಗುತ್ತದೆ. ಎಂದರೆ ಎಲ್ಲವೂ ನಿಮ್ಮ ತಮ್ಮನ ಮಕ್ಕಳಿಗೆ. ಶಾಲೆಗೆ ಒಂದು ಪೆನ್ಸಿಲ್ಲೂ ಸೇರುವುದಿಲ್ಲ.

ಠೇವಣಿಗೆ ನಾಮಿನಿ ಮಾಡಿದ್ದೇನೆ ಎಂದು ಸುಮ್ಮನಿರಬೇಡಿ. ನಾಮಿನಿ ಎಂದರೆ ಬ್ಯಾಂಕಿನಿಂದ ಹಣವನ್ನು ಕೈಗೆ ತೆಗೆದುಕೊಳ್ಳುವವರು, ಅದರ ಒಡೆಯರಲ್ಲ. ಜೀವವಿಮೆಯ ವಿಷಯದಲ್ಲಿ ಸುಪ್ರೀಂ ಕೋರ್ಟ್ ಇದನ್ನು 1983ರಲ್ಲೇ ಹೇಳಿದೆ, ಷೇರುಗಳ ವಿಷಯದಲ್ಲಿ 2023ರಲ್ಲಿ ಮತ್ತೆ ಹೇಳಿದೆ. ಬ್ಯಾಂಕ್ ಠೇವಣಿಗೆ ವ್ಯಕ್ತಿಗಳನ್ನು ಮಾತ್ರ ನಾಮಿನಿ ಮಾಡಬಹುದು. ಸಂಘವನ್ನೋ ಟ್ರಸ್ಟನ್ನೋ ಮಾಡಲಾಗದು. ಸಂಸ್ಥೆಗೆ ಹಣ ಹೋಗಬೇಕಾದರೆ ಉಯಿಲೇ ದಾರಿ.

ಈಗ ಹೇಗೆ ಬರೆಯಬೇಕೆಂಬ ಮಾತು. ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ.

ಠೇವಣಿಯ ಸಂಖ್ಯೆ ಹಾಕಿ ದಾನ ಬರೆಯಬೇಡಿ. ನನ್ನ ಕಕ್ಷಿದಾರರಾಗಿದ್ದ ಹಿರಿಯರೊಬ್ಬರು ‘ಇಂಥ ಬ್ಯಾಂಕಿನ ಇಂಥ ಸಂಖ್ಯೆಯ ಠೇವಣಿ’ಯನ್ನು ತಮ್ಮ ಬಡಾವಣೆಯ ವಾಚನಾಲಯಕ್ಕೆ ಬರೆದಿದ್ದರು; ನನ್ನ ಹತ್ತಿರ ಬರುವ ಮೊದಲೇ ಬರೆದದ್ದು. ಸೊಂಟದ ಶಸ್ತ್ರಚಿಕಿತ್ಸೆಗಾಗಿ ಅದನ್ನು ಒಡೆಸಿದರು, ಉಳಿದದ್ದನ್ನು ಬೇರೆ ಬ್ಯಾಂಕಿನಲ್ಲಿಟ್ಟರು, ಉಯಿಲನ್ನು ತಿದ್ದಲು ಮರೆತರು. ಆ ಸಂಖ್ಯೆಯ ಠೇವಣಿ ಅವರು ಹೋಗುವ ಹೊತ್ತಿಗೆ ಲೋಕದಲ್ಲೇ ಇರಲಿಲ್ಲ. ಇಂಥದ್ದೇ ವಸ್ತು ಎಂದು ಗುರುತಿಸಿ ಕೊಟ್ಟ ದಾನ, ಆ ವಸ್ತು ಇಲ್ಲವಾದರೆ ತಾನೂ ಇಲ್ಲವಾಗುತ್ತದೆ. ವಾಚನಾಲಯಕ್ಕೆ ಏನೂ ಬರಲಿಲ್ಲ. ಅದರ ಕಾರ್ಯದರ್ಶಿ ನನ್ನ ಕಚೇರಿಯ ಬೆಂಚಿನ ಮೇಲೆ ಕೈಚೀಲ ಹಿಡಿದು ಕೂತಿದ್ದುದು ಇನ್ನೂ ಕಣ್ಣ ಮುಂದಿದೆ. ಆದ್ದರಿಂದ ಪಾಲಿನ ಲೆಕ್ಕದಲ್ಲಿ ಬರೆಯಿರಿ: ‘ನನ್ನ ಸಾಲ, ಆಸ್ಪತ್ರೆ ಮತ್ತು ಉತ್ತರಕ್ರಿಯೆಯ ವೆಚ್ಚ ಕಳೆದು ಉಳಿಯುವ ಎಲ್ಲಾ ಬ್ಯಾಂಕ್ ಠೇವಣಿ ಮತ್ತು ನಗದಿನಲ್ಲಿ ನೂರಕ್ಕೆ ನಲವತ್ತು ಭಾಗ’. ಹಣ ಹೆಚ್ಚಲಿ, ಕರಗಲಿ, ಬ್ಯಾಂಕ್ ಬದಲಾಗಲಿ, ಪಾಲು ಪಾಲಾಗಿಯೇ ಉಳಿಯುತ್ತದೆ. ನಿಮ್ಮ ಕೊನೆಗಾಲದ ಔಷಧಿಗೆ ಹಣ ಬೇಕಾದರೆ ಸಂಕೋಚವಿಲ್ಲದೆ ತೆಗೆಯಿರಿ. ನೀವು ಇರುವವರೆಗೆ ಅದು ನಿಮ್ಮದು.

ಪಡೆಯುವವರು ಯಾರೆಂಬುದು ಎರಡನೆಯದು. ಟ್ರಸ್ಟ್ ಅಥವಾ ಸಂಘವಾದರೆ ನೋಂದಣಿ ಪತ್ರದಲ್ಲಿರುವ ಪೂರ್ಣ ಹೆಸರು, ನೋಂದಣಿ ಸಂಖ್ಯೆ, ಪಾನ್ ಸಂಖ್ಯೆ, ವಿಳಾಸ ಬರೆಯಬೇಕು. ಬೆಂಗಳೂರಿನಲ್ಲಿ ಒಂದೇ ದೇವರ, ಒಂದೇ ಮಹನೀಯರ ಹೆಸರಿನ ಸಂಸ್ಥೆಗಳು ಎಷ್ಟಿಲ್ಲ! ಬರೆಯುವ ಮೊದಲು ಅವರ ಎರಡು ವರ್ಷದ ಲೆಕ್ಕಪರಿಶೋಧನೆಯ ವರದಿ ಕೇಳಿ. ಕೇಳಿದ್ದಕ್ಕೆ ಮುಖ ಸಿಂಡರಿಸುವವರಿಗೆ ನಿಮ್ಮ 28 ವರ್ಷದ ದುಡಿಮೆಯನ್ನು ಒಪ್ಪಿಸಬೇಡಿ.

ಸರ್ಕಾರಿ ಶಾಲೆಯ ವಿಷಯ ಇನ್ನೂ ಸೂಕ್ಷ್ಮ. ‘ಶಾಲೆಗೆ’ ಎಂದಷ್ಟೇ ಬರೆದರೆ ಹಣವನ್ನು ಯಾರ ಕೈಗೆ ಕೊಡಬೇಕು? ಮುಖ್ಯ ಶಿಕ್ಷಕರು ವರ್ಗವಾಗುತ್ತಾರೆ. ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗೆ, ನಾವೆಲ್ಲ ಎಸ್‌ಡಿಎಂಸಿ ಎನ್ನುವ ಸಮಿತಿಗೆ, ಬ್ಯಾಂಕ್ ಖಾತೆ ಇರುತ್ತದೆ. ಆದರೆ ಅದರ ಸದಸ್ಯರೂ ಬದಲಾಗುತ್ತಾರೆ. ಮಕ್ಕಳು ಕಡಿಮೆಯಾದರೆ ಶಾಲೆಯೇ ಇನ್ನೊಂದರಲ್ಲಿ ವಿಲೀನವಾಗಬಹುದು. ನನ್ನ ಸಲಹೆ ಇಷ್ಟು: ಉಯಿಲಿನಲ್ಲಿ ಇಬ್ಬರು ನಿರ್ವಾಹಕರನ್ನು, ಎಂದರೆ ಎಕ್ಸಿಕ್ಯೂಟರ್‌ಗಳನ್ನು, ಹೆಸರಿಸಿ. ಒಬ್ಬರು ತಮ್ಮನ ಮಗಳೋ ಮಗನೋ ಆಗಲಿ. ಇನ್ನೊಬ್ಬರು ಹೊರಗಿನವರಿರಲಿ, ನಿಮಗಿಂತ ಇಪ್ಪತ್ತು ವರ್ಷವಾದರೂ ಚಿಕ್ಕವರಿರಲಿ. ಶಾಲೆಯ ಪಾಲನ್ನು ಅವರ ವಶಕ್ಕೆ ಕೊಟ್ಟು, ಹತ್ತು ವರ್ಷಗಳಲ್ಲಿ ಆ ಶಾಲೆಯ ಮಕ್ಕಳ ಕುಡಿಯುವ ನೀರು, ಪುಸ್ತಕ, ಸಮವಸ್ತ್ರ, ಶುಲ್ಕ ಇವಿಷ್ಟಕ್ಕೆ ಖರ್ಚು ಮಾಡತಕ್ಕದ್ದೆಂದು ಬರೆಯಿರಿ. ಜೊತೆಗೆ ಈ ಸಾಲನ್ನು ಬಿಡಬೇಡಿ: ‘ಆ ವೇಳೆಗೆ ಶಾಲೆ ಮುಚ್ಚಿದ್ದರೆ ಅಥವಾ ವಿಲೀನವಾಗಿದ್ದರೆ, ಹತ್ತಿರದ ಮತ್ತೊಂದು ಸರ್ಕಾರಿ ಕನ್ನಡ ಶಾಲೆಯ ಮಕ್ಕಳಿಗೆ ಇದೇ ಉದ್ದೇಶಕ್ಕೆ ಸಲ್ಲತಕ್ಕದ್ದು’.

ಹತ್ತು ವರ್ಷ ಎಂದದ್ದಕ್ಕೆ ಕಾರಣವಿದೆ. ಅಸಲನ್ನು ಮುಟ್ಟದೆ ಬಡ್ಡಿಯಲ್ಲೇ ನಡೆಯಬೇಕೆಂಬ ದತ್ತಿಗಳು ನಮ್ಮಲ್ಲಿ ವಾಡಿಕೆ. ದೊಡ್ಡ ಮೊತ್ತಕ್ಕೆ ಅದು ಸರಿ. ಆದರೆ ಐವತ್ತು ವರ್ಷದ ಹಿಂದೆ ಐನೂರು ರೂಪಾಯಿ ಇಟ್ಟು ಮಾಡಿದ ಬಹುಮಾನ ದತ್ತಿಯ ಬಡ್ಡಿಯಲ್ಲಿ ಇಂದು ಒಂದು ನೋಟ್‌ಬುಕ್ಕೂ ಬರುವುದಿಲ್ಲ. ನಿಮ್ಮ ಪಾಲು ಹತ್ತು ಲಕ್ಷವಾದರೆ ನೂರಕ್ಕೆ ಆರೂವರೆಯಂತೆ ವರ್ಷಕ್ಕೆ 65,000 ರೂಪಾಯಿ ಬಡ್ಡಿ. ಅದರ ಬೆಲೆ ವರ್ಷ ವರ್ಷ ಕುಗ್ಗುತ್ತದೆ. ಅಸಲನ್ನೂ ಸೇರಿಸಿ ಹತ್ತು ವರ್ಷದಲ್ಲಿ ಮುಗಿಸಿದರೆ ವರ್ಷಕ್ಕೆ ಒಂದು ಲಕ್ಷಕ್ಕೂ ಮೇಲೆ ಸಿಗುತ್ತದೆ, ಒಂದು ತಲೆಮಾರಿನ ಮಕ್ಕಳಿಗೆ ನಿಜವಾದ ಬಲವಾಗುತ್ತದೆ. ಗೋಡೆಯ ಮೇಲೆ ಹೆಸರು ಶಾಶ್ವತವಾಗಿರಬೇಕೆಂದು ನೀವು ಕೇಳಿಲ್ಲ. ಆದ್ದರಿಂದ ಧೈರ್ಯವಾಗಿ ಇದನ್ನು ಹೇಳುತ್ತಿದ್ದೇನೆ.

ಸಹಿಗೆ ಇಬ್ಬರು ಸಾಕ್ಷಿಗಳು ಬೇಕು. ನಿಮ್ಮ ಎದುರಿನಲ್ಲೇ ಅವರು ಸಹಿ ಹಾಕಬೇಕು. ಪಾಲು ಪಡೆಯುವವರು ಸಾಕ್ಷಿಯಾಗುವುದು ಬೇಡ. ಮುಂದೆ ತಕರಾರು ಬಂದರೆ ಸಾಕ್ಷಿಗಳಲ್ಲಿ ಒಬ್ಬರಾದರೂ ನ್ಯಾಯಾಲಯಕ್ಕೆ ಬಂದು ಹೇಳಬೇಕಾಗುತ್ತದೆ, ಆದ್ದರಿಂದ ಕಿರಿಯರಿರಲಿ. ಒಬ್ಬರು ನಿಮ್ಮನ್ನು ನೋಡುವ ವೈದ್ಯರಾದರೆ ಬಹಳ ಒಳ್ಳೆಯದು. ನೋಂದಣಿ ಕಡ್ಡಾಯವಲ್ಲ, ಆದರೂ ಮಾಡಿಸಿ. ನಡೆಯಲಾಗದ ಸ್ಥಿತಿ ಬಂದರೆ ಉಪನೋಂದಣಾಧಿಕಾರಿಯನ್ನು ಮನೆಗೇ ಕರೆಸಿಕೊಳ್ಳಲು ಕಾನೂನಿನಲ್ಲಿ ಅವಕಾಶವಿದೆ. ಬೆಂಗಳೂರಿನಲ್ಲಿ ಹಿಂದೂಗಳ ಉಯಿಲಿಗೆ ಪ್ರೊಬೇಟ್, ಎಂದರೆ ಉಯಿಲು ಸಾಚಾ ಎಂದು ನ್ಯಾಯಾಲಯ ಕೊಡುವ ಪ್ರಮಾಣ, ಕಡ್ಡಾಯವಿಲ್ಲ. ನೋಂದಾಯಿಸಿದ ಮೇಲೂ ಮನಸ್ಸು ಬದಲಾದರೆ ಇನ್ನೊಂದು ಉಯಿಲು ಬರೆಯಬಹುದು. ದಾನಪತ್ರ ಹಾಗಲ್ಲ, ಕೊಟ್ಟದ್ದು ಕೊಟ್ಟಂತೆ. ತೆರಿಗೆಯ ಭಯವೂ ಬೇಡ. ಆಸ್ತಿಯ ಮೇಲಿನ ಮರಣ ತೆರಿಗೆ 1985ರಲ್ಲೇ ಹೋಯಿತು. ದೇಣಿಗೆಗೆ ಆದಾಯ ತೆರಿಗೆಯಲ್ಲಿ ಸಿಗುವ, ಜನ 80ಜಿ ಎಂದು ಕರೆಯುವ ರಿಯಾಯಿತಿ ಮಾತ್ರ ಬದುಕಿದ್ದಾಗ ಕೊಟ್ಟ ದೇಣಿಗೆಗೆ, ಉಯಿಲಿನದಕ್ಕಲ್ಲ.

ಎಲ್ಲಕ್ಕಿಂತ ಮುಖ್ಯವಾದದ್ದನ್ನು ಕೊನೆಗೆ ಉಳಿಸಿಕೊಂಡಿದ್ದೇನೆ. ತಮ್ಮನ ಮಕ್ಕಳನ್ನು ಒಂದು ಭಾನುವಾರ ಊಟಕ್ಕೆ ಕರೆದು ಎಲ್ಲವನ್ನೂ ಹೇಳಿ. ನಿಮ್ಮ ಮತ್ತಿಕೆರೆಯ ಪಕ್ಕದಲ್ಲೇ ಇದೆಯಲ್ಲ, ಹಳಬರು ಟಾಟಾ ಇನ್‌ಸ್ಟಿಟ್ಯೂಟ್ ಎನ್ನುವ ವಿಜ್ಞಾನ ಸಂಸ್ಥೆ. ಜಮ್‌ಶೇಟ್‌ಜಿ ಟಾಟಾ ಅದರ ಒಂದು ಕಲ್ಲನ್ನೂ ನೋಡಲಿಲ್ಲ. ಅವರು ತೀರಿಕೊಂಡದ್ದು 1904ರಲ್ಲಿ, ಸಂಸ್ಥೆ ಹುಟ್ಟಿದ್ದು 1909ರಲ್ಲಿ. ತಾವು ಏನು ಮಾಡಬೇಕೆಂದಿದ್ದೇವೆ ಎಂಬುದನ್ನು ಅವರು ಬದುಕಿದ್ದಾಗಲೇ ಎಲ್ಲರಿಗೂ ಸಾರಿದ್ದರು. ಮಕ್ಕಳಿಬ್ಬರೂ ಆ ಮಾತನ್ನು ನಡೆಸಿಕೊಟ್ಟರು. ನಮ್ಮ ಅಪ್ಪನ ನಲವತ್ತು ಸಾವಿರಕ್ಕೆ ಇಲ್ಲದೆ ಹೋದದ್ದು ಅದೊಂದೇ. ಇನ್ನೂ ಒಂದು ಮಾತು: ಆ ಶಾಲೆಯ ನೀರಿನ ವ್ಯವಸ್ಥೆಗೆ ನಿಮ್ಮ ಉಯಿಲಿಗಾಗಿ ಕಾಯಬೇಕೇ? ಕೈಲಾದಷ್ಟನ್ನು ಈ ವರ್ಷವೇ ಕೊಟ್ಟುಬಿಡಿ ಅಕ್ಕಾ. ಮಕ್ಕಳು ಅಲ್ಲೇ ನೀರು ಕುಡಿಯುವುದನ್ನು ನೀವು ನೋಡಬೇಕು.

ಪ್ರಶ್ನೆ: ನಾವು ಕ್ರೈಸ್ತರು. ಚರ್ಚಿನ ಅನಾಥಾಲಯಕ್ಕೆ ಉಯಿಲಿನಲ್ಲಿ ಬರೆದು, ಒಂದು ವರ್ಷದೊಳಗೆ ತೀರಿಕೊಂಡರೆ ಅದು ಚಲಾವಣೆಯಾಗುವುದಿಲ್ಲ ಎಂದು ನಮ್ಮ ಹಿರಿಯರು ಹೇಳುತ್ತಾರೆ. ನಿಜವೇ?
– ಲಿಂಗರಾಜಪುರದ ಓದುಗರು

ಉತ್ತರ: ಒಂದು ಕಾಲಕ್ಕೆ ನಿಜವಾಗಿತ್ತು. ಸೋದರಳಿಯ, ಸೋದರ ಸೊಸೆ ಅಥವಾ ಅವರಿಗಿಂತ ಹತ್ತಿರದ ಸಂಬಂಧಿಕರಿರುವ ಕ್ರೈಸ್ತರು ಧರ್ಮಸಂಸ್ಥೆಗೋ ದತ್ತಿಗೋ ಬರೆಯುವುದಾದರೆ, ಸಾಯುವ 12 ತಿಂಗಳ ಮುಂಚೆಯಾದರೂ ಉಯಿಲು ಬರೆದು, ಬರೆದ 6 ತಿಂಗಳೊಳಗೆ ಅದನ್ನು ಕಾನೂನಿನ ಪ್ರಕಾರ ಸುರಕ್ಷಿತ ವಶಕ್ಕೆ ಒಪ್ಪಿಸಬೇಕಿತ್ತು. 1925ರ ಕಾಯ್ದೆಯ 118ನೆಯ ಕಲಂ ಅದು. ಸಾವು ಯಾವಾಗ ಬರುತ್ತದೆಂದು ಯಾರಿಗೆ ಗೊತ್ತು? ಕೇರಳದ ಪಾದ್ರಿಯೊಬ್ಬರು ಇದನ್ನು ಪ್ರಶ್ನಿಸಿದರು. 2003ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಆ ಕಲಂ ಸಂವಿಧಾನದ ಸಮಾನತೆಗೆ ವಿರುದ್ಧವೆಂದು ರದ್ದು ಮಾಡಿತು. ನಿಶ್ಚಿಂತೆಯಿಂದ ಬರೆಯಿರಿ. ಒಂದೇ ಎಚ್ಚರ: ಉಯಿಲಿನಲ್ಲಿ ಪಾಲು ಪಡೆಯುವವರಾಗಲಿ ಅವರ ಗಂಡ ಅಥವಾ ಹೆಂಡತಿಯಾಗಲಿ ಸಾಕ್ಷಿ ಹಾಕಿದರೆ, ನಿಮಗೆ ಅನ್ವಯಿಸುವ ಕಾನೂನಿನಲ್ಲಿ ಅವರ ಪಾಲು ಬಿದ್ದುಹೋಗುತ್ತದೆ. ಕಳೆದ ತಿಂಗಳು ಶಿವಾಜಿನಗರದಿಂದ ಬರೆದಿದ್ದ ಮುಸ್ಲಿಂ ಓದುಗರಿಗೂ ಇಲ್ಲೇ ಹೇಳುತ್ತೇನೆ: ಸಾಲ ಮತ್ತು ಅಂತ್ಯಸಂಸ್ಕಾರದ ವೆಚ್ಚ ಕಳೆದು ಉಳಿದದ್ದರಲ್ಲಿ ಮೂರನೆಯ ಒಂದು ಭಾಗದವರೆಗೆ ನೀವು ದತ್ತಿಗೆ ಬರೆಯಬಹುದು. ಅದಕ್ಕೂ ಮೀರಿದರೆ ವಾರಸುದಾರರ ಒಪ್ಪಿಗೆ ಬೇಕು.

ಪ್ರಶ್ನೆ: ನಮ್ಮ ತಂದೆ ಜಯನಗರದ ಮನೆ ಮಾರಿದ ಹಣದಲ್ಲಿ ಅರ್ಧವನ್ನು ಒಂದು ವೃದ್ಧಾಶ್ರಮಕ್ಕೆ ಉಯಿಲಿನಲ್ಲಿ ಬರೆದು ಹೋಗಿದ್ದಾರೆ. ತಾಯಿ ನನ್ನ ಜೊತೆಯಲ್ಲಿದ್ದಾರೆ. ಇದನ್ನು ಪ್ರಶ್ನಿಸಬಹುದೇ?
– ಬನಶಂಕರಿಯ ಓದುಗರು

ಉತ್ತರ: ಮನೆ ಅವರ ಸ್ವಯಾರ್ಜಿತವಾಗಿದ್ದರೆ, ಬುದ್ಧಿ ಸ್ಥಿಮಿತದಲ್ಲಿದ್ದು ಬರೆದಿದ್ದರೆ, ಅವರ ಇಷ್ಟವೇ ಕಾನೂನು. ಪಿತ್ರಾರ್ಜಿತವಾಗಿದ್ದರೆ ಅವರು ತಮ್ಮ ಪಾಲನ್ನು ಮಾತ್ರ ಬರೆಯಬಲ್ಲರು. ದಾಖಲೆಗಳನ್ನು ತೆಗೆದು ನೋಡಿ. ತಾಯಿಯವರ ಜೀವನಕ್ಕೆ ಉಳಿದ ಹಣ ಸಾಲದಿದ್ದರೆ ಮಾತ್ರ ಪ್ರಶ್ನೆ ಬೇರೆಯಾಗುತ್ತದೆ. 1956ರ ದತ್ತಕ ಮತ್ತು ಜೀವನಾಂಶ ಕಾಯ್ದೆಯಂತೆ ಅವಲಂಬಿತರು ಮೃತರ ಆಸ್ತಿಯಿಂದ ಜೀವನಾಂಶ ಕೇಳಬಹುದು. ದಾನ ಕೊಡುವವರು ಮೊದಲು ಹೆಂಡತಿಯ ಔಷಧಿಗೆ ತೆಗೆದಿಡಬೇಕು ಎಂಬುದು ನನ್ನ ಬಲವಾದ ಅಭಿಪ್ರಾಯ. ಆದರೆ ನಿಮ್ಮ ಪತ್ರದಲ್ಲಿ ತಾಯಿಗೆ ಕೊರತೆಯಾಗಿದೆ ಎಂಬ ಮಾತು ಎಲ್ಲಿಯೂ ಇಲ್ಲ. ವಕೀಲರ ಹತ್ತಿರ ಹೋಗುವ ಮೊದಲು, ಆ ಆಶ್ರಮವನ್ನೇ ಅಪ್ಪ ಏಕೆ ಆರಿಸಿಕೊಂಡರು ಎಂದು ಅಮ್ಮನನ್ನು ಕೇಳಿದ್ದೀರಾ? ಕೇಳಿ, ಆಮೇಲೆ ಮತ್ತೆ ಬರೆಯಿರಿ.

ಪ್ರಶ್ನೆ: ನನ್ನ ಕಣ್ಣುಗಳನ್ನು ದಾನ ಮಾಡಬೇಕೆಂದು ಉಯಿಲಿನಲ್ಲಿ ಬರೆದಿಟ್ಟಿದ್ದೇನೆ. ಬೇರೇನಾದರೂ ಮಾಡಬೇಕೇ?
– ನಿವೃತ್ತ ಅಂಚೆ ನೌಕರರು, ರಾಜಾಜಿನಗರ

ಉತ್ತರ: ಮಾಡಬೇಕು, ಇಂದೇ ಮಾಡಬೇಕು. ನಮ್ಮ ಮನೆಗಳಲ್ಲಿ ಉಯಿಲು ತೆಗೆಯುವುದು ವೈಕುಂಠ ಸಮಾರಾಧನೆ ಮುಗಿದ ಮೇಲೆ. ಕಣ್ಣುಗಳನ್ನು ಪಡೆಯಬೇಕಾದದ್ದು ಸಾವಾದ ಸುಮಾರು ಆರು ಗಂಟೆಗಳೊಳಗೆ. 2006ರ ಏಪ್ರಿಲ್‌ನಲ್ಲಿ ಡಾ. ರಾಜ್‌ಕುಮಾರ್ ತೀರಿಕೊಂಡ ದಿನ ಊರೆಲ್ಲ ದುಃಖದಲ್ಲಿದ್ದರೂ ಅವರ ನೇತ್ರದಾನ ನಡೆದೇ ನಡೆಯಿತು, ಏಕೆಂದರೆ ಮನೆಯವರಿಗೆ ಅವರ ಇಚ್ಛೆ ಗೊತ್ತಿತ್ತು. ಉಯಿಲಿನಲ್ಲಿ ಇದ್ದರೆ ಇರಲಿ, ಆದರೆ ಅದನ್ನು ನಂಬಿಕೊಳ್ಳಬೇಡಿ. ಹತ್ತಿರದ ನೇತ್ರ ಭಂಡಾರದ ದೂರವಾಣಿ ಸಂಖ್ಯೆಯನ್ನು ದೊಡ್ಡ ಅಕ್ಷರದಲ್ಲಿ ಬರೆದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿ. ಹೆಂಡತಿಗೆ, ಮಕ್ಕಳಿಗೆ, ಪಕ್ಕದ ಮನೆಯವರಿಗೂ ಹೇಳಿಡಿ. ಸಂಖ್ಯೆಯ ಕೆಳಗೆ ಇಷ್ಟು ಬರೆದಿರಲಿ: ಕೂಡಲೇ ಕರೆ ಮಾಡಿ, ಫ್ಯಾನ್ ಆರಿಸಿ, ರೆಪ್ಪೆ ಮುಚ್ಚಿ ಮೇಲೆ ಒದ್ದೆ ಹತ್ತಿ ಇಡಿ, ತಲೆಯ ಕೆಳಗೆ ದಿಂಬು ಇಡಿ.